ಮೌಂಟೇನ್ ಬೈಕ್ ಸವಾರಿಯ ತಂತ್ರ

ಡಾಂಬರು ಕಾಣದ ಬೆಟ್ಟದ ದಾರಿ, ಕಾಡಿನ ಕಾಲುಹಾದಿ, ಬಂಡೆ, ಬೇರು, ಮರಳು, ಕೆಸರುಗಳ ಮೇಲೆ ಓಡಿಸಲೆಂದೇ ದಪ್ಪ ಟೈರು, ಗಟ್ಟಿ ಚೌಕಟ್ಟು ಕೊಟ್ಟು ಕಟ್ಟಿದ ಸೈಕಲ್ಲಿಗೆ ಮೌಂಟೇನ್ ಬೈಕ್ ಎಂದು ಹೆಸರು. ಅಂಥ ನೆಲದ ಮೇಲೆ ಅದನ್ನು ಹತೋಟಿ ತಪ್ಪದಂತೆ ನಡೆಸಲು ಬೇಕಾದ ಮೈಯ ಭಂಗಿ, ಭಾರದ ಹಂಚಿಕೆ, ಬ್ರೇಕಿನ ಬಳಕೆ, ತಿರುವು, ಏರು, ಇಳಿಜಾರು, ನೆಗೆತಗಳ ಕೌಶಲಗಳನ್ನೆಲ್ಲ ಒಟ್ಟಾಗಿ ಸವಾರಿಯ ತಂತ್ರ ಎನ್ನಲಾಗುತ್ತದೆ. ನುಣುಪಾದ ರಸ್ತೆಯ ಮೇಲೆ ಸವಾರ ಸೀಟಿನಲ್ಲಿ ಕುಳಿತು ಪೆಡಲು ತುಳಿದರೆ ಉಳಿದುದನ್ನು ಸೈಕಲ್ಲು ಬಹುಮಟ್ಟಿಗೆ ತಾನೇ ನೋಡಿಕೊಳ್ಳುತ್ತದೆ. ಬೆಟ್ಟದ ಹಾದಿಯಲ್ಲಾದರೋ ಮಾರಿಗೊಮ್ಮೆ ನೆಲದ ಓರೆ, ಗಡಸು, ಹಿಡಿತ ಬದಲಾಗುವುದರಿಂದ ಸವಾರ ತನ್ನ ತೂಕವನ್ನು ಹಿಂದೆ ಮುಂದೆ, ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಎಡೆಬಿಡದೆ ಸರಿಸುತ್ತಿರಬೇಕಾಗುತ್ತದೆ. ಇಂದಿನ ಸಾಮಾನ್ಯ ಮೌಂಟೇನ್ ಬೈಕು 12ರಿಂದ 16 ಕಿಲೋಗ್ರಾಂ ತೂಗಿದರೆ ಅದನ್ನು ಏರಿದವರು ಅದರ ನಾಲ್ಕೈದು ಪಟ್ಟು ತೂಗುತ್ತಾರೆ. ಈ ಜೋಡಿಯಲ್ಲಿ ಬೇಕೆಂದಾಗ ಸರಿಸಬಹುದಾದ ದೊಡ್ಡ ಭಾರ ಮನುಷ್ಯನ ಮೈಯೇ ಆದ್ದರಿಂದ, ಸೈಕಲ್ಲಿನ ನಡೆಯನ್ನು ಹ್ಯಾಂಡಲ್ಲಿಗಿಂತ ಹೆಚ್ಚಾಗಿ ಆ ಮೈ ಎಲ್ಲಿದೆ ಎಂಬುದು ನಿರ್ಧರಿಸುತ್ತದೆ. ತೋಳ್ಬಲ, ಎದೆಗಾರಿಕೆಗಳು ಇಲ್ಲಿ ಎರಡನೆಯ ಮಾತು.

ಒರಟು ದಾರಿಯಲ್ಲಿ ಸೈಕಲ್ಲು ತುಳಿದವರು ಎಲ್ಲ ದೇಶಗಳಲ್ಲೂ ಮೊದಲಿನಿಂದ ಇದ್ದರು. ಹುಲ್ಲಿನ ಹೊರೆಯನ್ನೋ ಹಾಲಿನ ಕ್ಯಾನನ್ನೋ ಕ್ಯಾರಿಯರ್‌ಗೆ ಕಟ್ಟಿ ಹೊಲದ ಬದುವಿನ ಮೇಲೆ ಸಾಗಿದ ಕರ್ನಾಟಕದ ರೈತರಿಗೂ ಆ ಅನುಭವ ಹೊಸದಲ್ಲ. ಆದರೆ ಇಳಿಜಾರಿನ ಸವಾರಿಯನ್ನೇ ಆಟವಾಗಿಸಿ, ಅದಕ್ಕೆ ತಕ್ಕಂತೆ ಯಂತ್ರವನ್ನು ತಿದ್ದಿಕೊಂಡವರು ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಕೆಲವು ಯುವಕರು. ಅವರು 1970ರ ದಶಕದಲ್ಲಿ, ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಶ್ವಿನ್ ಕಂಪನಿಯ ಬಲೂನ್ ಟೈರಿನ ಹಳೆಯ ಸೈಕಲ್ಲುಗಳನ್ನು ಹುಡುಕಿ ತಂದು, ಟಮಾಲ್ಪಾಯಿಸ್ ಬೆಟ್ಟದ ಸುತ್ತಮುತ್ತಲಿನ ಮಣ್ಣುದಾರಿಗಳಲ್ಲಿ ಓಡಿಸತೊಡಗಿದರು. ಫೇರ್‌ಫ್ಯಾಕ್ಸ್ ಪಟ್ಟಣದ ಬಳಿ ಸುಮಾರು 3 ಕಿಲೋಮೀಟರಿನಲ್ಲಿ 400 ಮೀಟರಿನಷ್ಟು ಕೆಳಗಿಳಿಯುವ ಒಂದು ದಾರಿಯಲ್ಲಿ 1976ರ ಅಕ್ಟೋಬರ್ 21ರಂದು ಗಡಿಯಾರ ಹಿಡಿದು ನಡೆಸಿದ ಪಂದ್ಯ ಈ ಕ್ರೀಡೆಯ ಇತಿಹಾಸದಲ್ಲಿ ಹೆಸರಾಗಿದೆ. ಪೆಡಲನ್ನು ಹಿಂದಕ್ಕೆ ತುಳಿದಾಗ ಹಿಡಿಯುವ ಅಂದಿನ ಬ್ರೇಕು ಆ ಇಳಿಜಾರಿನಲ್ಲಿ ಕಾದು, ಚಕ್ರದ ಹಬ್ಬಿನೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿದ್ದುದರಿಂದ ಪ್ರತಿ ಸಲವೂ ಹಬ್ಬನ್ನು ಬಿಚ್ಚಿ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಹೀಗೆ ಮತ್ತೆ ತುಂಬುವ ಕೆಲಸದಿಂದಲೇ ಆ ದಾರಿಗೆ ರೀಪ್ಯಾಕ್ ಎಂಬ ಹೆಸರು ಬಂತು. ಪಂದ್ಯಗಳನ್ನು ಏರ್ಪಡಿಸುತ್ತಿದ್ದವರು ಚಾರ್ಲಿ ಕೆಲ್ಲಿ. 4 ನಿಮಿಷ 22 ಸೆಕೆಂಡಿನಲ್ಲಿ ಇಳಿದ ಗ್ಯಾರಿ ಫಿಶರ್ ಅವರದು ಅಲ್ಲಿನ ದಾಖಲೆ. ಅದೇ ಗುಂಪಿನ ಜೋ ಬ್ರೀಜ್ 1977ರಲ್ಲಿ ಇಂಥ ಸವಾರಿಗೆಂದೇ ಹೊಸ ಚೌಕಟ್ಟು ಕಟ್ಟಿದರು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿಯ ಸ್ಟಂಪ್‌ಜಂಪರ್ ದೊಡ್ಡ ಪ್ರಮಾಣದಲ್ಲಿ ಮಾರುಕಟ್ಟೆಗೆ ಬಂತು. 1990ರಲ್ಲಿ ಕೊಲರಾಡೊದ ಡುರಾಂಗೊದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 1996ರ ಅಟ್ಲಾಂಟಾ ಕ್ರೀಡಾಕೂಟದಲ್ಲಿ ಕ್ರಾಸ್‌ಕಂಟ್ರಿ, ಎಂದರೆ ಏರಿಳಿತಗಳೆರಡೂ ಇರುವ ಸುತ್ತುದಾರಿಯ ಓಟ, ಒಲಿಂಪಿಕ್ಸ್ ಸೇರಿತು.

ಈ ಇತಿಹಾಸ ತಂತ್ರದ ವಿವರಣೆಗೆ ಅಗತ್ಯ, ಏಕೆಂದರೆ ಸವಾರಿಯ ವಿಧಾನವನ್ನು ಯಂತ್ರವೇ ಮತ್ತೆಮತ್ತೆ ತಿದ್ದಿ ಬರೆದಿದೆ. ಮುಂದಿನ ಚಕ್ರದ ಬ್ರೇಕನ್ನು ನಂಬುವಂತಿಲ್ಲದ ಕಾಲದಲ್ಲಿ ಹಿಂದಿನ ಚಕ್ರವನ್ನು ಬೇಕೆಂದೇ ಜಾರಿಸಿ, ಒಳಬದಿಯ ಕಾಲನ್ನು ನೆಲದತ್ತ ಚಾಚಿ ತಿರುವು ದಾಟುವುದು ರೂಢಿಯಲ್ಲಿತ್ತು. 1980ರ ದಶಕದ ಕೊನೆಗೆ ಪಾಲ್ ಟರ್ನರ್ ಅವರ ರಾಕ್‌ಶಾಕ್ಸ್ ಕಂಪನಿಯಿಂದ ಎಣ್ಣೆ ಮತ್ತು ಗಾಳಿಯ ಒತ್ತಡದಲ್ಲಿ ಕೆಲಸ ಮಾಡುವ ಸಸ್ಪೆನ್ಷನ್ ಫೋರ್ಕು, ಎಂದರೆ ಮುಂಚಕ್ರವನ್ನು ಹಿಡಿದು ನೆಲದ ಏಟನ್ನು ನುಂಗುವ ಕವಲು, ಬಂದ ಮೇಲೆ, ಕಲ್ಲನ್ನು ಸುತ್ತಿ ಹೋಗುತ್ತಿದ್ದವರು ಕಲ್ಲಿನ ಮೇಲೆಯೇ ಹೋಗತೊಡಗಿದರು. ಸೀಟಿನ ಎತ್ತರದ ಕಥೆ ಇನ್ನೂ ಸ್ವಾರಸ್ಯವಾದದ್ದು. ಪೆಡಲು ತುಳಿಯಲು ಸೀಟು ಎತ್ತರವಾಗಿರಬೇಕು, ಇಳಿಜಾರಿನಲ್ಲಿ ಮೈ ಆಡಿಸಲು ಅದು ತಗ್ಗಾಗಿರಬೇಕು. ಈ ಇಬ್ಬಂದಿಗೆ 1980ರ ದಶಕದಲ್ಲೇ ಜೋ ಬ್ರೀಜ್ ಮತ್ತು ಜೋಶ್ ಏಂಜೆಲ್ ಸ್ಪ್ರಿಂಗಿನ ಒಂದು ಸರಳ ಸಾಧನವನ್ನು ರೂಪಿಸಿದ್ದರೂ, ಹ್ಯಾಂಡಲ್ಲಿನ ಮೇಲಿನ ಗುಂಡಿಯೊತ್ತಿ ಸವಾರಿಯ ನಡುವೆಯೇ ಸೀಟನ್ನು ಏರಿಳಿಸುವ ಡ್ರಾಪರ್ ಪೋಸ್ಟ್ ಬಳಕೆಗೆ ಬಂದದ್ದು 2000ದ ಈಚೆಗೆ. ಇಂದು ಕಲಿಸುವ ಭಂಗಿಗಳಲ್ಲಿ ಹಲವು ಈ ಒಂದು ಗುಂಡಿಯನ್ನು ನೆಚ್ಚಿವೆ ಎಂದರೆ ಅತಿಶಯೋಕ್ತಿಯಲ್ಲ.

ಎಲ್ಲ ಕೌಶಲಗಳ ತಳಹದಿ ನಿಂತ ಭಂಗಿ. ಎರಡೂ ಪೆಡಲುಗಳು ನೆಲಕ್ಕೆ ಸಮಾನಾಂತರವಾಗಿ ಒಂದೇ ಮಟ್ಟದಲ್ಲಿದ್ದು, ಸವಾರ ಸೀಟಿನಿಂದ ಎದ್ದು ಪಾದಗಳ ಮೇಲೆ ನಿಂತು, ಮಂಡಿಯನ್ನು ಸ್ವಲ್ಪ ಮಡಿಸಿ, ಸೊಂಟದ ಕೀಲಿನಿಂದ ಮುಂದಕ್ಕೆ ಬಾಗಿ, ಮೊಣಕೈಗಳನ್ನು ಹೊರಕ್ಕೆ ಅಗಲಿಸಿರುತ್ತಾನೆ. ತೂಕವೆಲ್ಲ ಪಾದಗಳ ಮೂಲಕ ಪೆಡಲಿನ ಅಚ್ಚಿನ ಮೇಲೆ ಇಳಿಯಬೇಕು, ಕೈಗಳ ಮೇಲೆ ಭಾರ ಇರಬಾರದು. ಹ್ಯಾಂಡಲ್ಲನ್ನು ಎಳೆಯುವುದೂ ಇಲ್ಲ, ಅದರ ಮೇಲೆ ಒರಗುವುದೂ ಇಲ್ಲ ಎಂಬ ಸ್ಥಿತಿಯೇ ಸರಿಯಾದ ಸಮತೋಲದ ಗುರುತು. ದಾರಿ ಕಡಿದಾದಂತೆ, ವೇಗ ಹೆಚ್ಚಿದಂತೆ ಎದೆ ಇನ್ನಷ್ಟು ತಗ್ಗುತ್ತದೆ. ಹೀಗೆ ನಿಂತಾಗ ಸೈಕಲ್ಲು ಸವಾರನ ಕೆಳಗೆ ಸ್ವತಂತ್ರವಾಗಿ ಏಳಲು, ಬೀಳಲು, ವಾಲಲು ಎಡೆ ಸಿಗುತ್ತದೆ. ಕೈಕಾಲುಗಳೇ ಸಸ್ಪೆನ್ಷನ್ನಿನ ದೊಡ್ಡ ಭಾಗವಾಗುತ್ತವೆ. ಸೈಕಲ್ಲು ಒಂದು ಕಡೆ, ಮೈ ಇನ್ನೊಂದು ಕಡೆ ವಾಲುವ ಈ ಬೇರ್ಪಡಿಕೆ ಹೊಸಬರಿಗೆ ಕಷ್ಟವೆನಿಸುತ್ತದೆ. ದೊಡ್ಡವರ ಸೈಕಲ್ಲಿನ ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆದ ಕನ್ನಡನಾಡಿನ ಹಳ್ಳಿಯ ಮಕ್ಕಳು, ಸೈಕಲ್ಲನ್ನು ಒಂದು ಮಗ್ಗುಲಿಗೆ ವಾಲಿಸಿ ಮೈಯನ್ನು ಇನ್ನೊಂದಕ್ಕೆ ತೂಗಿಸುವ ಈ ಪಾಠವನ್ನು ಹೆಸರು ತಿಳಿಯದೆಯೇ ಕಲಿತಿದ್ದರು.

ಕಣ್ಣಿನ ನೆಲೆಯೂ ಭಂಗಿಯ ಭಾಗವೇ. ಮುಂಚಕ್ರದ ಬುಡವನ್ನೇ ನೋಡುತ್ತ ಹೋಗುವವರಿಗೆ ಪ್ರತಿಯೊಂದು ಕಲ್ಲೂ ಅನಿರೀಕ್ಷಿತವಾಗಿ ಎದುರಾಗುತ್ತದೆ; ಪಳಗಿದವರು ಎರಡು ಮೂರು ಸೆಕೆಂಡಿನ ನಂತರ ತಲುಪಲಿರುವ ನೆಲವನ್ನು ನೋಡಿ, ಚಕ್ರ ಸಾಗಬೇಕಾದ ಗೆರೆಯನ್ನು ಅಲ್ಲಿಯೇ ಆರಿಸಿಕೊಂಡು, ಹತ್ತಿರದ ನೆಲವನ್ನು ನೆನಪಿನಿಂದ ದಾಟುತ್ತಾರೆ. ತಪ್ಪಿಸಬೇಕಾದ ಮರವನ್ನೇ ದಿಟ್ಟಿಸಿದರೆ ಸೈಕಲ್ಲು ಆ ಮರಕ್ಕೇ ಹೋಗುವುದು ಎಲ್ಲ ವಾಹನಗಳ ಸವಾರರಿಗೂ ಗೊತ್ತಿರುವ ಸಂಗತಿ.

ಬ್ರೇಕು ಹಿಡಿಯುವುದು ಸುಲಭವೆಂದು ತೋರಿದರೂ ತಪ್ಪುಗಳು ಹೆಚ್ಚಾಗಿ ನಡೆಯುವುದು ಅಲ್ಲಿಯೇ. ವೇಗ ತಗ್ಗಿಸಿದಾಗ ಭಾರ ಮುಂದಕ್ಕೆ ಸರಿಯುವುದರಿಂದ ಮುಂಚಕ್ರ ನೆಲಕ್ಕೆ ಒತ್ತಿಕೊಳ್ಳುತ್ತದೆ, ಹಿಂಚಕ್ರ ಹಗುರಾಗುತ್ತದೆ. ಆದ್ದರಿಂದ ನಿಲ್ಲಿಸುವ ಶಕ್ತಿಯ ಬಹುಪಾಲು ಮುಂದಿನ ಬ್ರೇಕಿನಿಂದ ಬರುತ್ತದೆ. ಆದರೂ ಅದನ್ನು ಹಿಡಿದರೆ ತಲೆಕೆಳಗಾಗುತ್ತೇವೆಂಬ ಭಯದಿಂದ ಹಿಂದಿನದನ್ನು ಮಾತ್ರ ಬಳಸುವವರೇ ಬಹಳ. ಈ ಭಯಕ್ಕೆ ಆಧಾರವಿಲ್ಲದೆ ಇಲ್ಲ: ಮಟ್ಟಸ ನೆಲದ ಮೇಲೆ ಸೀಟಿನಲ್ಲಿ ಕುಳಿತ ಸವಾರನ ಹಿಂಚಕ್ರ ಮೇಲೇಳಲು ಗುರುತ್ವ ವೇಗೋತ್ಕರ್ಷದ ಅರ್ಧಕ್ಕಿಂತ ತುಸು ಹೆಚ್ಚಿನ ದರದಲ್ಲಿ ವೇಗ ತಗ್ಗಿದರೆ ಸಾಕು, ಇಳಿಜಾರಿನಲ್ಲಿ ಈ ಮಿತಿ ಇನ್ನೂ ಕಡಿಮೆ. ಮೈಯನ್ನು ತಗ್ಗಿಸಿ, ಸೊಂಟವನ್ನು ಹಿಂದಕ್ಕೊಯ್ದು, ಹಿಮ್ಮಡಿಯನ್ನು ಕೆಳಗೊತ್ತಿ ಪೆಡಲುಗಳಿಗೆ ಆತು ನಿಂತಾಗ ಈ ಮಿತಿ ಮೇಲೇರುತ್ತದೆ; ಬ್ರೇಕು ಹಿಡಿಯುವ ತಂತ್ರವೆಂದರೆ ಅರ್ಧಪಾಲು ಇದೇ. ಉಳಿದರ್ಧ ಬೆರಳಿನದು. ದ್ರವದ ಒತ್ತಡದಿಂದ ನಡೆಯುವ ಇಂದಿನ ಡಿಸ್ಕ್ ಬ್ರೇಕಿಗೆ ತೋರುಬೆರಳೊಂದೇ ಸಾಲುವುದರಿಂದ ಉಳಿದ ಬೆರಳುಗಳು ಹ್ಯಾಂಡಲ್ಲನ್ನು ಬಿಡುವ ಅಗತ್ಯವಿಲ್ಲ. ಲಿವರನ್ನು ಒಮ್ಮೆಗೇ ಕಚ್ಚದೆ, ಮೆಲ್ಲನೆ ಒತ್ತಿ ಬಿಗಿಗೊಳಿಸುತ್ತ, ಚಕ್ರ ಸಿಕ್ಕಿಕೊಳ್ಳುವ ಅಂಚಿನಲ್ಲಿ ನಿಲ್ಲಿಸಬೇಕು. ಉರುಳುತ್ತಿರುವ ಟೈರಿಗಿಂತ ಜಾರುತ್ತಿರುವ ಟೈರಿಗೆ ನೆಲದ ಹಿಡಿತ ಕಡಿಮೆ. ಹಿಂಚಕ್ರವನ್ನು ಸಿಕ್ಕಿಸಿ ಧೂಳೆಬ್ಬಿಸುವುದು ನೋಡಲು ಸೊಗಸಾದರೂ ವೇಗ ತಗ್ಗಿಸುವ ಮಟ್ಟಿಗೆ ಅದು ಸೋಲು. ದಾರಿಯ ಮಣ್ಣನ್ನೂ ಅದು ಕೀಳುತ್ತದೆ.

ನೆಲವನ್ನು ಮುಟ್ಟಿರುವ ಟೈರಿನ ಭಾಗ ಅಂಗೈಯಷ್ಟಕ್ಕಿಂತ ದೊಡ್ಡದಲ್ಲ, ಅದು ಕೊಡುವ ಹಿಡಿತಕ್ಕೂ ಒಂದು ಎಲ್ಲೆಯಿದೆ. ಆ ಹಿಡಿತವನ್ನು ಬ್ರೇಕಿಗೂ ತಿರುವಿಗೂ ಒಟ್ಟಿಗೆ ಖರ್ಚು ಮಾಡಿದರೆ ಎರಡಕ್ಕೂ ಸಾಲದೆ ಚಕ್ರ ಜಾರುತ್ತದೆ. ವೇಗವನ್ನು ತಿರುವಿಗೆ ಮೊದಲೇ, ಚಕ್ರ ನೇರವಾಗಿರುವಾಗಲೇ ತಗ್ಗಿಸಿ, ತಿರುವಿನೊಳಗೆ ಬೆರಳು ಸಡಿಲಿಸಬೇಕೆಂಬ ನಿಯಮ ಹುಟ್ಟಿದ್ದು ಈ ಲೆಕ್ಕದಿಂದ. ಗೆರೆಯ ಆಯ್ಕೆಯೂ ಅದೇ ಲೆಕ್ಕಕ್ಕೆ ಸೇರಿದ್ದು: ದಾರಿಯ ಹೊರ ಅಂಚಿನಿಂದ ಹೊಕ್ಕು, ನಡುವಿನಲ್ಲಿ ಒಳ ಅಂಚನ್ನು ಸವರಿ, ಮತ್ತೆ ಹೊರಕ್ಕೆ ಬಂದರೆ ತಿರುವಿನ ತ್ರಿಜ್ಯ ದೊಡ್ಡದಾಗಿ ಬೇಕಾದ ಹಿಡಿತ ಕಡಿಮೆಯಾಗುತ್ತದೆ. ಸೈಕಲ್ಲು ತಿರುಗಲು ಮೊದಲು ವಾಲಬೇಕು. ಅದು ಎಡಕ್ಕೆ ವಾಲಲು ಸವಾರ ಹ್ಯಾಂಡಲ್ಲನ್ನು ಕ್ಷಣಕಾಲ ಬಲಕ್ಕೆ ತಿರುಗಿಸುತ್ತಾನೆ, ಎಂದರೆ ಎಡಗೈಯಿಂದ ಮುಂದಕ್ಕೆ ನೂಕುತ್ತಾನೆ. ವಿಮಾನ ಕಟ್ಟುವ ಮುನ್ನ ಸೈಕಲ್ ವ್ಯಾಪಾರದಲ್ಲಿದ್ದ ವಿಲ್ಬರ್ ರೈಟ್ ಇದರ ಬಗ್ಗೆ ಹತ್ತಾರು ಸವಾರರನ್ನು ಕೇಳಿ ನೋಡಿದಾಗ, ತಾವು ದಿನವೂ ಮಾಡುತ್ತಿದ್ದುದನ್ನು ಸರಿಯಾಗಿ ಹೇಳಬಲ್ಲವರು ಒಬ್ಬರೂ ಸಿಗಲಿಲ್ಲವಂತೆ.

ಮಟ್ಟಸ ತಿರುವಿನಲ್ಲಿ ಮೌಂಟೇನ್ ಬೈಕಿನ ಸವಾರರು ರಸ್ತೆಯ ಸವಾರರಿಗಿಂತ ಬೇರೆಯಾಗಿ ನಡೆದುಕೊಳ್ಳುತ್ತಾರೆ. ಮೈಯನ್ನು ಬಹುಮಟ್ಟಿಗೆ ನೇರವಾಗಿರಿಸಿ, ಕೆಳಗಿನ ಸೈಕಲ್ಲನ್ನು ಮಾತ್ರ ಒಳಕ್ಕೆ ವಾಲಿಸಿ, ಹೊರಬದಿಯ ಪೆಡಲನ್ನು ತಗ್ಗಿಸಿ ಅದರ ಮೇಲೆ ಭಾರ ಹಾಕುವುದರಿಂದ ಟೈರಿನ ಬದಿಯ ದಪ್ಪ ಗುಬುಟುಗಳು ಸಡಿಲ ಮಣ್ಣಿಗೆ ಕಚ್ಚಿಕೊಳ್ಳುತ್ತವೆ, ಚಕ್ರ ತುಸು ಜಾರಿದರೂ ಮೈ ಅದರ ಮೇಲೆಯೇ ಉಳಿಯುತ್ತದೆ. ಹೊರ ಅಂಚಿಗೆ ಮಣ್ಣಿನ ಗೋಡೆಯಿರುವ ತಿರುವಿಗೆ ಬರ್ಮ್ ಎನ್ನುತ್ತಾರೆ. ಅಲ್ಲಿ ಗೋಡೆಯೇ ಆಸರೆ ಕೊಡುವುದರಿಂದ ಮೈಯೂ ಸೈಕಲ್ಲೂ ಒಟ್ಟಿಗೆ ವಾಲಬಹುದು, ಪೆಡಲುಗಳೂ ಸಮವಾಗಿರಬಹುದು. ಈ ಎರಡರ ವ್ಯತ್ಯಾಸ ತಿಳಿಯದೆ ಸಡಿಲ ಮಣ್ಣಿನಲ್ಲಿ ಮೋಟಾರ್ ಸೈಕಲ್ ಪಂದ್ಯದವರಂತೆ ಮೈಯನ್ನು ಒಳಕ್ಕೆ ಚಾಚಿದವರು ಸಾಮಾನ್ಯವಾಗಿ ಮಗ್ಗುಲ ಮೇಲೆ ಬೀಳುತ್ತಾರೆ.

ಏರಿನಲ್ಲಿ ಸಮಸ್ಯೆ ತಿರುವುಮುರುವಾಗುತ್ತದೆ. ಭಾರ ಹಿಂದಾದರೆ ಮುಂಚಕ್ರ ನೆಲ ಬಿಟ್ಟು ಅಲೆಯುತ್ತದೆ, ಮುಂದಾದರೆ ಹಿಂಚಕ್ರ ಹಿಡಿತ ಕಳೆದುಕೊಂಡು ಗಿರಕಿ ಹೊಡೆಯುತ್ತದೆ. ಕಡಿದಾದ ಏರಿನಲ್ಲಿ ಸೀಟಿನ ಮೂತಿಯ ಮೇಲೆ ಕುಳಿತು, ಎದೆಯನ್ನು ಹ್ಯಾಂಡಲ್ಲಿನತ್ತ ಬಗ್ಗಿಸಿ, ಮೊಣಕೈಗಳನ್ನು ಕೆಳಕ್ಕೆ ಇಳಿಬಿಟ್ಟರೆ ಎರಡು ಚಕ್ರಗಳಿಗೂ ತಕ್ಕಷ್ಟು ಪಾಲು ಸಿಗುತ್ತದೆ. ರಸ್ತೆಯಲ್ಲಿ ಎದ್ದುನಿಂತು ತುಳಿಯುವುದು ವೇಗ ಕೊಟ್ಟರೂ ಸಡಿಲ ಜಲ್ಲಿಯ ಮೇಲೆ ಆ ಜಗ್ಗುವ ಒತ್ತಡವೇ ಚಕ್ರವನ್ನು ಜಾರಿಸುತ್ತದೆ. ಆದ್ದರಿಂದ ಒಂದೇ ಹದದ ತುಳಿತಕ್ಕೆ ಬೆಲೆ. ಗೇರನ್ನು ಏರು ಬಂದ ಮೇಲಲ್ಲ, ಬರುವ ಮುನ್ನವೇ ಬದಲಿಸಬೇಕು. ಪೂರ್ಣ ಒತ್ತಡದಲ್ಲಿ ಬದಲಿಸಿದ ಚೈನು ತಪ್ಪುವುದೂ ತುಂಡಾಗುವುದೂ ಉಂಟು. ಮುಂದೆ ಒಂದೇ ಹಲ್ಲುಚಕ್ರವಿಟ್ಟು ಹಿಂದೆ 10ರಿಂದ 50 ಹಲ್ಲಿನವರೆಗೆ 12 ಚಕ್ರಗಳ ಸಾಲನ್ನು ಕೂಡಿಸುವ ವ್ಯವಸ್ಥೆ 2016ರಲ್ಲಿ ಬಂದ ನಂತರ ಈ ಕೆಲಸ ಒಂದು ಹೆಬ್ಬೆರಳಿಗೆ ಸೀಮಿತವಾಗಿದೆ. ಬಂಡೆಗಳ ನಡುವೆ ಪೆಡಲು ಪೂರ್ತಿ ಸುತ್ತಿದರೆ ತಳ ಬಡಿಯುವಲ್ಲಿ, ಅರ್ಧ ಸುತ್ತು ತುಳಿದು ಹಿಂದಕ್ಕೆ ತಂದು ಮತ್ತೆ ತುಳಿಯುವ ಉಪಾಯವೂ ಇದೆ.

ಇಳಿಜಾರಿಗೆ ಸಂಬಂಧಿಸಿದ ಹಳೆಯ ಉಪದೇಶವೊಂದು ಇಂದಿಗೂ ಬಾಯಿಂದ ಬಾಯಿಗೆ ಸಾಗುತ್ತಿದೆ: ಕಡಿದಾದಲ್ಲಿ ಪೃಷ್ಠವನ್ನು ಸೀಟಿನ ಹಿಂದಕ್ಕೆ, ಹಿಂಚಕ್ರದ ಮೇಲಕ್ಕೆ ಒಯ್ಯಬೇಕೆಂಬುದು. ಇದು ಹುಟ್ಟಿದ ಕಾಲಕ್ಕೆ ಸರಿಯಾಗಿಯೇ ಇತ್ತು. 1990ರ ಸುಮಾರಿನ ಸೈಕಲ್ಲುಗಳಲ್ಲಿ ಫೋರ್ಕು ನೆಲಕ್ಕೆ 71 ಡಿಗ್ರಿಯಷ್ಟು ನೆಟ್ಟಗಿದ್ದು, ಹ್ಯಾಂಡಲ್ಲನ್ನು ಫೋರ್ಕಿಗೆ ಜೋಡಿಸುವ ಸ್ಟೆಮ್ಮು ಉದ್ದಕ್ಕೆ ಮುಂದೆ ಚಾಚಿ, ಹ್ಯಾಂಡಲ್ಲು 600 ಮಿಲಿಮೀಟರಿಗೂ ಕಡಿಮೆ ಅಗಲವಿದ್ದುದರಿಂದ, ಸವಾರನ ಭಾರ ಮುಂಚಕ್ರದ ಮೇಲೆಯೇ ತೂಗಾಡುತ್ತಿತ್ತು. ಹಿಂದೆ ಸರಿಯುವುದೊಂದೇ ಅದಕ್ಕೆ ಪರಿಹಾರ. ಇಂದಿನ ಟ್ರೈಲ್ ಬೈಕುಗಳಲ್ಲಿ ಆ ಕೋನ 64ರಿಂದ 66 ಡಿಗ್ರಿಗೆ ಇಳಿದು ಮುಂಚಕ್ರ ಬಹು ಮುಂದೆ ನಿಂತಿದೆ, ಸ್ಟೆಮ್ಮು 35ರಿಂದ 50 ಮಿಲಿಮೀಟರಿಗೆ ಮೊಟಕಾಗಿದೆ, ಹ್ಯಾಂಡಲ್ಲು 800 ಮಿಲಿಮೀಟರಿನ ಹತ್ತಿರಕ್ಕೆ ಅಗಲವಾಗಿದೆ. ಇಂಥ ಸೈಕಲ್ಲಿನಲ್ಲಿ ಪೂರ್ತಿ ಹಿಂದೆ ಸರಿದವರ ಕೈ ಚಾಚಿ ಬಿಗಿಯಾಗುತ್ತದೆ, ಮುಂಚಕ್ರ ಹಗುರಾಗಿ ತಿರುವಿನಲ್ಲಿ ಹೇಳಿದ ಮಾತು ಕೇಳುವುದಿಲ್ಲ. ಆದ್ದರಿಂದ ಸೀಟನ್ನು ತಗ್ಗಿಸಿ, ಪೆಡಲುಗಳ ನೇರಕ್ಕೆ ಮೈಯನ್ನು ಕುಗ್ಗಿಸಿ, ಮೊಣಕೈ ಮಡಿಸಿಕೊಂಡು ಇಳಿಯುವುದೇ ಈಗಿನ ಪಾಠ. ಹಿಂದೆ ಸರಿಯುವುದು ಒಂದು ಕ್ಷಣದ ಅಗತ್ಯಕ್ಕೆ ಮಾತ್ರ.

ಪೆಡಲು ತುಳಿಯದೆ ವೇಗ ಗಳಿಸುವ ವಿದ್ಯೆಗೆ ಪಂಪಿಂಗ್ ಎಂದು ಹೆಸರು. ನೆಲದ ಉಬ್ಬು ಏರುವಾಗ ಕೈಕಾಲು ಮಡಿಸಿ ಹಗುರಾಗಿ, ಅದರ ಆಚೆಬದಿಯ ಇಳಿಜಾರಿನಲ್ಲಿ ಕೈಕಾಲು ಚಾಚಿ ಸೈಕಲ್ಲನ್ನು ನೆಲಕ್ಕೆ ಒತ್ತಿದರೆ, ಉಯ್ಯಾಲೆಯ ಮೇಲೆ ನಿಂತು ಜೀಕುವವರಿಗೆ ಆಗುವಂತೆ ಮೈಯ ಶ್ರಮ ವೇಗವಾಗಿ ಬದಲಾಗುತ್ತದೆ. ಇದನ್ನು ಕಲಿಸಲೆಂದೇ ಉಬ್ಬುತಗ್ಗುಗಳ ಸುತ್ತುದಾರಿಯನ್ನು ಪಂಪ್ ಟ್ರ್ಯಾಕ್ ಎಂದು ಕಟ್ಟುತ್ತಾರೆ. 2015ರ ಜೂನಿನಲ್ಲಿ ಆಸ್ಟ್ರಿಯಾದ ಲಿಯೊಗಾಂಗ್‌ನಲ್ಲಿ ನಡೆದ ಇಳಿಜಾರಿನ ವಿಶ್ವಕಪ್ ಪಂದ್ಯದಲ್ಲಿ ಅಮೆರಿಕದ ಆರನ್ ಗ್ವಿನ್ ಅವರ ಚೈನು ಹೊರಟ ಕೂಡಲೇ ಕಡಿದುಹೋಯಿತು. ಅವರು ಒಮ್ಮೆಯೂ ಪೆಡಲು ತುಳಿಯಲಾಗದೆ, ಬ್ರೇಕನ್ನು ಮಿತವಾಗಿ ಬಳಸುತ್ತ, ಸಿಕ್ಕಿದ ಉಬ್ಬುಗಳನ್ನೆಲ್ಲ ಒತ್ತುತ್ತ ಕೆಳಗೆ ತಲುಪಿ ಪಂದ್ಯವನ್ನೇ ಗೆದ್ದರು.

ಚಕ್ರ ಎತ್ತುವ ಕೌಶಲಗಳಲ್ಲಿ, ಪತ್ರಿಕೆಗಳ ಪುಂಡಾಟದ ಸುದ್ದಿಗಳಿಂದ ಕನ್ನಡಿಗರಿಗೆ ಪರಿಚಿತವಾದ ವೀಲಿ ಪೆಡಲಿನ ಬಲದಿಂದ ಮುಂಚಕ್ರವನ್ನು ಎತ್ತಿ ಸಾಗುವುದು. ಮ್ಯಾನುಯಲ್ ಎಂಬುದು ಪೆಡಲು ತುಳಿಯದೆ, ಮೈಯನ್ನು ಒಮ್ಮೆ ಕುಗ್ಗಿಸಿ ಸೊಂಟವನ್ನು ಹಿಂದಕ್ಕೆ ತೂಗಿ ಅದೇ ಚಕ್ರವನ್ನು ಎತ್ತುವುದು. ಕಾಡಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಎರಡನೆಯದು. ಮ್ಯಾನುಯಲ್ಲಿನಿಂದ ಮೇಲೆದ್ದು, ಹ್ಯಾಂಡಲ್ಲನ್ನು ಮುಂದಕ್ಕೆ ನೂಕುತ್ತ ಪಾದಗಳಿಂದ ಹಿಂಚಕ್ರವನ್ನೂ ಎಳೆದುಕೊಂಡರೆ ಸೈಕಲ್ಲು ಪೂರ್ತಿಯಾಗಿ ನೆಲ ಬಿಡುತ್ತದೆ. ಬಿಎಂಎಕ್ಸ್ ಆಟದಿಂದ ಬಂದ ಈ ನೆಗೆತ ಬನ್ನಿ ಹಾಪ್ ಎನಿಸಿಕೊಂಡಿದೆ. ಮೆಟ್ಟಿಲಿನಂತೆ ಒಮ್ಮೆಗೇ ತಗ್ಗುವ ಜಾಗಕ್ಕೆ ಡ್ರಾಪ್ ಎನ್ನುತ್ತಾರೆ. ಅಂಚು ದಾಟುವಾಗ ಮುಂಚಕ್ರ ತಾನಾಗಿ ಕೆಳಗೆ ಬೀಳದಂತೆ ಹ್ಯಾಂಡಲ್ಲನ್ನು ಮುಂದಕ್ಕೆ ನೂಕಿ, ಎರಡೂ ಚಕ್ರಗಳು ಕೆಳಗಿನ ನೆಲದ ಓರೆಗೆ ತಕ್ಕಂತೆ ಮುಟ್ಟುವ ಹಾಗೆ ಇಳಿಯಬೇಕು. ಉರುಳಿಕೊಂಡು ಇಳಿಯಬಹುದಾದ ಜಾಗಕ್ಕೂ ಹಾರಿ ಇಳಿಯಲೇಬೇಕಾದ ಜಾಗಕ್ಕೂ ಇರುವ ಅಂತರ ಎಷ್ಟೆಂಬುದನ್ನು 2021ರ ಜುಲೈನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಇಜು ಪಂದ್ಯಮಾರ್ಗ ತೋರಿಸಿತು. ಅಲ್ಲಿನ ಬಂಡೆಯೊಂದರ ಕೆಳಗೆ ಅಭ್ಯಾಸದ ವೇಳೆ ಇದ್ದ ಹಲಗೆಯನ್ನು ಪಂದ್ಯಕ್ಕೆ ಮುನ್ನ ತೆಗೆಯಲಾಗಿತ್ತು. ಹಲಗೆ ಇದೆಯೆಂದೇ ನಂಬಿ ಉರುಳಿಸಿಕೊಂಡು ಬಂದ ನೆದರ್‌ಲೆಂಡ್ಸ್‌ನ ಮಥ್ಯೂ ವಾನ್ ಡರ್ ಪೂಲ್ ಮೊದಲ ಸುತ್ತಿನಲ್ಲೇ ತಲೆಮುಂದಾಗಿ ಉರುಳಿದರು. ಚಿನ್ನ ಗೆದ್ದವರು ಬ್ರಿಟನ್ನಿನ ಟಾಮ್ ಪಿಡ್‌ಕಾಕ್.

ನೆಲದ ಜಾತಿಯನ್ನು ಓದುವುದು ಕೊನೆಯಿಲ್ಲದ ಕಲಿಕೆ. ಒದ್ದೆ ಬೇರುಗಳನ್ನು ಲಂಬವಾಗಿ, ಬ್ರೇಕು ಮುಟ್ಟದೆ ದಾಟಬೇಕು. ಓರೆಯಾಗಿ ತಾಗಿದ ಚಕ್ರ ಬೇರಿನುದ್ದಕ್ಕೂ ಜಾರುತ್ತದೆ. ಮರಳಿನಲ್ಲಿ ಮುಂಚಕ್ರವನ್ನು ಹಗುರ ಮಾಡಿ, ಹ್ಯಾಂಡಲ್ಲು ತುಸು ಅಲೆದರೂ ತಿದ್ದದೆ ತುಳಿಯುತ್ತ ಹೋಗಬೇಕು. ಕೆಸರಿನಲ್ಲಿ ಹಿಂಜರಿದವರಿಗಿಂತ ವೇಗ ಉಳಿಸಿಕೊಂಡವರೇ ನಿಲ್ಲುತ್ತಾರೆಂಬುದಕ್ಕೆ, 2011ರಲ್ಲಿ ಸ್ವಿಟ್ಜರ್ಲೆಂಡಿನ ಶಾಂಪೆರಿಯಲ್ಲಿ ಮಳೆಯಲ್ಲಿ ತೋಯ್ದ ಇಳಿಜಾರನ್ನು ಎರಡನೆಯವರಿಗಿಂತ 11 ಸೆಕೆಂಡಿಗೂ ಹೆಚ್ಚು ಮುಂಚಿತವಾಗಿ ಇಳಿದು ವಿಶ್ವ ಚಾಂಪಿಯನ್ ಆದ ಡ್ಯಾನಿ ಹಾರ್ಟ್ ಅವರ ಸವಾರಿಯನ್ನು ತರಬೇತುದಾರರು ಉದಾಹರಿಸುತ್ತಾರೆ, ಆದರೂ ಅದನ್ನು ಅನುಕರಿಸಬೇಕೆಂದು ಯಾರೂ ಹೇಳುವುದಿಲ್ಲ. ಬೆಂಗಳೂರಿನ ಸವಾರರಿಗೆ ಪರಿಚಿತವಾದ ತುರಹಳ್ಳಿ ಕಾಡಿನ ನೈಸ್ ಶಿಲೆಯ ಹಾಸುಬಂಡೆ ಒಣಗಿದ್ದಾಗ ಟೈರಿಗೆ ಅಂಟಿನಂತೆ ಹಿಡಿತ ಕೊಡುತ್ತದೆ. ಆದರೆ ಸವೆದ ಬಂಡೆಯಿಂದ ಉದುರಿದ ಒರಟು ಮರಳು ಅದೇ ಹಾಸಿನ ಮೇಲೆ ಹರಡಿದಲ್ಲಿ ರಾಗಿಕಾಳಿನ ಮೇಲೆ ಕಾಲಿಟ್ಟಂತಾಗುತ್ತದೆ. ಮಲೆನಾಡಿನ ಮಳೆಗಾಲದ ಪಾಚಿಗಂತೂ ಯಾವ ಟೈರೂ ಮದ್ದಲ್ಲ.

ಟೈರಿನ ಗಾಳಿಯ ಹದ ಇವೆಲ್ಲಕ್ಕೂ ಹಿನ್ನೆಲೆ. ಒಳಟ್ಯೂಬಿಲ್ಲದ 2.3ರಿಂದ 2.5 ಇಂಚು ಅಗಲದ ಟೈರಿನಲ್ಲಿ ಸವಾರರ ತೂಕವನ್ನು ನೋಡಿಕೊಂಡು 20ರಿಂದ 28 ಪಿಎಸ್‌ಐ ಒತ್ತಡ ಇಡುವುದು ವಾಡಿಕೆ. ಬೀದಿಬದಿಯ ಪಂಕ್ಚರ್ ಅಂಗಡಿಯಲ್ಲಿ ಹೆಬ್ಬೆರಳಿನಿಂದ ಅಮುಕಿ ನೋಡಿ ಕಲ್ಲಿನಂತೆ ಬಿಗಿ ಮಾಡಿಸಿಕೊಂಡವರು ಪ್ರತಿ ಕಲ್ಲಿಗೂ ಪುಟಿಯುತ್ತಾರೆ. ಪಾದವನ್ನು ಪೆಡಲಿಗೆ ಸಿಕ್ಕಿಸುವ ಕೊಂಡಿಯ ಬೂಟು ಏರಿನಲ್ಲಿ ಲಾಭದಾಯಕವಾದರೂ, ಕಲಿಯುವವರಿಗೆ ಮೊಳೆಗಳಿರುವ ಚಪ್ಪಟೆ ಪೆಡಲೇ ಮೇಲೆಂಬುದು ಬಹುತೇಕ ತರಬೇತುದಾರರ ಅಭಿಪ್ರಾಯ. ಕೊಂಡಿಯಿದ್ದಾಗ ಸೈಕಲ್ಲನ್ನು ಕಾಲಿನಿಂದ ಜಗ್ಗಿ ಎತ್ತುವ ಅಡ್ಡದಾರಿ ಸಿಗುವುದರಿಂದ ಬನ್ನಿ ಹಾಪಿನ ನಿಜವಾದ ಚಲನೆ ಮೈಗೆ ಹತ್ತುವುದಿಲ್ಲ. ಹೆಲ್ಮೆಟ್ಟು, ಕೈಗವಸು, ಮಂಡಿಕವಚಗಳು ಸಾಮಾನ್ಯ ಸವಾರಿಗೆ ಸಾಕು. ವೇಗದ ಇಳಿಜಾರಿಗೆ ದವಡೆ ಮುಚ್ಚುವ ಹೆಲ್ಮೆಟ್ಟು ಬೇಕು.

ಕಲಿಕೆ ಬಯಲಿನಲ್ಲಿ, ನಿಧಾನದಲ್ಲಿ ಆರಂಭವಾಗುತ್ತದೆ. ಸೈಕಲ್ಲನ್ನು ನೆಲಕ್ಕೆ ಕಾಲೂರದೆ ನಿಂತಲ್ಲೇ ನಿಲ್ಲಿಸುವ ಟ್ರ್ಯಾಕ್ ಸ್ಟ್ಯಾಂಡ್, ಎರಡು ಕಲ್ಲುಗಳ ಸುತ್ತ ಎಂಟರ ಆಕಾರದಲ್ಲಿ ತಿರುಗುವುದು, ಗುರುತಿಟ್ಟ ಗೆರೆಯ ಮೇಲೆ ಜಾರದೆ ನಿಲ್ಲುವುದು, ಹೀಗೆ ಒಂದೊಂದೇ ಚಲನೆಯನ್ನು ಬಿಡಿಯಾಗಿ ಪಳಗಿಸಿ ಆಮೇಲೆ ದಾರಿಗೆ ಒಯ್ಯುವ ಕ್ರಮವನ್ನು ಬ್ರಯಾನ್ ಲೋಪ್ಸ್ ಮತ್ತು ಲೀ ಮೆಕಾರ್ಮ್ಯಾಕ್ ಅವರ 2005ರ ಕೈಪಿಡಿ ಜನಪ್ರಿಯಗೊಳಿಸಿತು.

ತಂತ್ರಕ್ಕೂ ದಾರಿಯ ಹಕ್ಕಿಗೂ ನೇರ ಸಂಬಂಧವಿದೆ. ಜಾರಿದ ಚಕ್ರ ಕೊರೆದ ಗೆರೆ ಮಳೆಗೆ ಕಾಲುವೆಯಾಗುತ್ತದೆ, ಹತೋಟಿ ತಪ್ಪಿದ ಸವಾರ ನಡೆದು ಬರುವವರಿಗೂ ಕುದುರೆಯವರಿಗೂ ಅಪಾಯವಾಗುತ್ತಾನೆ. 1988ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಮೌಂಟೇನ್ ಬೈಸಿಕ್ಲಿಂಗ್ ಸಂಘದ ದಾರಿನಿಯಮಗಳು ಇದನ್ನು ಮನಗಂಡೇ ಹುಟ್ಟಿದವು: ತೆರೆದ ದಾರಿಯಲ್ಲಿ ಮಾತ್ರ ಸಾಗಬೇಕು, ಗುರುತು ಬಿಡಬಾರದು, ಏರುವವರಿಗೆ ಇಳಿಯುವವರು ದಾರಿ ಬಿಡಬೇಕು. ಅಷ್ಟರಲ್ಲಿ ಮರಿನ್ ಕೌಂಟಿಯಲ್ಲಿ ಕಾಲ ಮಿಂಚಿತ್ತು. ನಡಿಗೆಯವರ ದೂರುಗಳ ಫಲವಾಗಿ ಟಮಾಲ್ಪಾಯಿಸ್ ಬೆಟ್ಟದ ಕಿರುಹಾದಿಗಳಲ್ಲಿ ಹೆಚ್ಚಿನವು ಸೈಕಲ್ಲಿಗೆ ಮುಚ್ಚಿದವು. ಅಗಲದ ಮಣ್ಣುದಾರಿಗಳಲ್ಲಿ ಗಂಟೆಗೆ 15 ಮೈಲಿ, ಎಂದರೆ ಸುಮಾರು 24 ಕಿಲೋಮೀಟರಿನ ಮಿತಿ ಬಂದಿತು. ರೀಪ್ಯಾಕ್ ಪಂದ್ಯದ ದಾಖಲೆಯ ಸರಾಸರಿ ವೇಗ ಇದರ ಒಂದೂವರೆ ಪಟ್ಟಿಗಿಂತ ಹೆಚ್ಚು.